ಕವಾಟವೋ, ಸ್ನಾಯುವೋ?

1925ರ ಮೇ ತಿಂಗಳಲ್ಲಿ ಲಂಡನ್ನಿನ ಶಸ್ತ್ರವೈದ್ಯ ಹೆನ್ರಿ ಸೌಟರ್ ಒಬ್ಬ ಹುಡುಗಿಯ ಎಡ ಹೃತ್ಕರ್ಣದೊಳಗೆ ಬೆರಳು ತೂರಿಸಿ, ಕೆಟ್ಟಿದ್ದ ಮೈಟ್ರಲ್ ಕವಾಟವನ್ನು ಹಿಗ್ಗಿಸಿದರು. ಹುಡುಗಿ ಬದುಕಿದಳು. ಆದರೂ ಅಂಥ ಇನ್ನೊಬ್ಬ ರೋಗಿಯನ್ನು ಯಾವ ವೈದ್ಯರೂ ಅವರ ಬಳಿಗೆ ಕಳಿಸಲಿಲ್ಲ. ಇದನ್ನು ಹಳೆಯ ತಲೆಮಾರಿನ ಮೊಂಡುತನವೆಂದು ಹೇಳಿ ಮುಗಿಸುವುದುಂಟು. ಅಷ್ಟೇ ಆಗಿತ್ತೆಂದು ನನಗನ್ನಿಸುವುದಿಲ್ಲ. ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದ ಜೇಮ್ಸ್ ಮೆಕೆಂಜಿ, ರೋಗಿಯ ಅಳಿವು ಉಳಿವು ಕವಾಟದ ಸದ್ದಿಗಿಂತ ಹೃದಯದ ಸ್ನಾಯುವನ್ನೇ ನೆಚ್ಚಿದೆ ಎಂದು ಒಂದು ಪೀಳಿಗೆಗೆ ಕಲಿಸಿಹೋಗಿದ್ದರು. ಕವಾಟವನ್ನು ಕಡೆಗಣಿಸಿದ್ದು ಅವರ ಶಿಷ್ಯರ ತಪ್ಪು, ನಿಜ. ಸ್ನಾಯುವಿನ ಬಗೆಗಿನ ಅವರ ಶಂಕೆ ಮಾತ್ರ ಸರಿಯಾಗಿತ್ತು; ಅದನ್ನು ಅಳೆಯುವ ದಾರಿ ಆಗ ಇರಲಿಲ್ಲ.

ಮುಂದೆ ಗೆದ್ದದ್ದು ಕವಾಟದ ಪಕ್ಷ. 1948ರಲ್ಲಿ ಅಮೆರಿಕದ ಬೈಲಿ ಮತ್ತು ಹಾರ್ಕೆನ್ ಸೌಟರ್ ಬಿಟ್ಟ ದಾರಿಯನ್ನು ಮತ್ತೆ ಹಿಡಿದರು, 1953ರಲ್ಲಿ ಗಿಬ್ಬನ್ ಅವರ ಹಾರ್ಟ್-ಲಂಗ್ ಯಂತ್ರ ಬಂತು, ಆಮೇಲೆ ಪ್ಯಾರಿಸಿನ ಅಲೇನ್ ಕಾರ್ಪೆಂಟಿಯೆ ಸೋರುವ ಕವಾಟಕ್ಕೆ ಉಂಗುರ ಹೊಲಿದು ರಿಪೇರಿ ಮಾಡುವುದನ್ನು ಒಂದು ಶಾಸ್ತ್ರವನ್ನಾಗಿಯೇ ಬೆಳೆಸಿದರು. ಆಗ ಎದ್ದು ಬಂದದ್ದು ಮೆಕೆಂಜಿಯ ಹಳೆಯ ಪ್ರಶ್ನೆಯೇ. ಮೈಟ್ರಲ್ ಕವಾಟ ಸೋರುವಾಗ ಹೃತ್ಕುಕ್ಷಿ ತಳ್ಳಿದ ರಕ್ತದಲ್ಲಿ ಒಂದು ಪಾಲು ಸುಲಭವಾಗಿ ಹಿಂದಕ್ಕೆ ನುಗ್ಗುತ್ತದೆ. ಪ್ರತಿ ಬಡಿತಕ್ಕೆ ಹೃತ್ಕುಕ್ಷಿ ತನ್ನೊಳಗಿನ ರಕ್ತದಲ್ಲಿ ಶೇಕಡಾ ಎಷ್ಟನ್ನು ತಳ್ಳುತ್ತದೆ (ಇಜೆಕ್ಷನ್ ಫ್ರಾಕ್ಷನ್) ಎಂಬ ಲೆಕ್ಕದಲ್ಲಿ ಅದೂ ಸೇರಿ, ದಣಿದ ಸ್ನಾಯುವೂ ಗಟ್ಟಿಯಾಗಿಯೇ ಕಾಣುತ್ತದೆ. ಸೋರಿಕೆ ನಿಂತ ಮರುದಿನ ಆ ಅಂಕಿ ಕುಸಿಯುತ್ತದೆ. ಕವಾಟ ಚೆನ್ನಾಗಿದೆ, ಹೃದಯ ಚೆನ್ನಾಗಿದೆಯೇ?

ಉತ್ತರದ ಎಳೆ ಸಿಕ್ಕಿದ್ದು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಲ್ಲ. 1956ರಲ್ಲಿ ಬ್ರೂನೊ ಕಿಶ್ ಗಿನಿಯಿಲಿಯ ಹೃತ್ಕರ್ಣದಲ್ಲಿ ಗ್ರಂಥಿಗಳಲ್ಲಿರುವಂಥ ಕಣಗಳನ್ನು ಕಂಡರು. 1981ರಲ್ಲಿ ಕೆನಡಾದ ಅಡಾಲ್ಫೊ ಡಿ ಬೋಲ್ಡ್ ಇಲಿಯ ಹೃತ್ಕರ್ಣದ ರಸವನ್ನು ಬೇರೆ ಇಲಿಗಳಿಗೆ ಚುಚ್ಚಿದಾಗ ಅವು ಉಪ್ಪನ್ನೂ ಮೂತ್ರವನ್ನೂ ಧಾರಾಳವಾಗಿ ಹೊರಹಾಕಿದವು. ಬರಿಯ ಪಂಪು ಎಂದುಕೊಂಡಿದ್ದ ಹೃದಯ ಗ್ರಂಥಿಯೂ ಆಗಿತ್ತು! 1988ರಲ್ಲಿ ಜಪಾನಿನ ವಿಜ್ಞಾನಿಗಳು ಹಂದಿಯ ಮಿದುಳಿನಿಂದ ಆ ಹೃತ್ಕರ್ಣದ ಹಾರ್ಮೋನಿನ ದಾಯಾದಿಯನ್ನು ತೆಗೆದರು: ಬ್ರೈನ್ ನೇಟ್ರಿಯುರೆಟಿಕ್ ಪೆಪ್ಟೈಡ್, ಅಂದರೆ ಬಿಎನ್‌ಪಿ. ಹೆಸರು ಮಿದುಳಿನದು, ತವರು ಹೃದಯದ್ದು ಎಂದು ಆಮೇಲೆ ತಿಳಿಯಿತು. ಹೃತ್ಕುಕ್ಷಿಯ ಗೋಡೆ ಒತ್ತಡಕ್ಕೆ ಹಿಗ್ಗಿದಷ್ಟೂ ಈ ಹಾರ್ಮೋನನ್ನು ರಕ್ತಕ್ಕೆ ಹೆಚ್ಚೆಚ್ಚು ಸುರಿಯುತ್ತದೆ. ತನ್ನ ಪಾಡನ್ನು ಸ್ನಾಯು ತಾನೇ ಹೇಳಿಕೊಳ್ಳುವ ಬಗೆ ಇದು.

ಶಬ್ದಾತೀತ ಅಲೆಗಳಿಂದ ಹೃದಯವನ್ನು ತೋರಿಸುವ ಎಕೋ ಇರುವಾಗ ಈ ರಕ್ತಪರೀಕ್ಷೆ ಏಕೆ ಎಂಬ ಆಕ್ಷೇಪಕ್ಕೆ ಮೇಲಿನ ಅಂಕಿಯ ಮೋಸವೇ ಉತ್ತರ. ಇನ್ನೊಂದು ಆಕ್ಷೇಪ ಬಿಗಿಯಾದದ್ದು: ಮೂತ್ರಪಿಂಡ ಸೋತರೂ ವಯಸ್ಸಾದರೂ ಬಿಎನ್‌ಪಿ ಏರುತ್ತದೆ, ಬೊಜ್ಜಿದ್ದವರಲ್ಲಿ ಇಳಿದಿರುತ್ತದೆ. ಶಸ್ತ್ರಚಿಕಿತ್ಸೆಯೇ ಅದನ್ನು ಕೆಲವು ದಿನ ಏರಿಸುತ್ತದೆ. ಸ್ನಾಯುಕೋಶ ಗಾಯಗೊಂಡಾಗ ಹೊರಬರುವ ಟ್ರೊಪೋನಿನ್ ಕೂಡ ಕತ್ತರಿ ತಾಗಿದರೆ ಏರಿಯೇ ತೀರುತ್ತದೆ. ಒಪ್ಪಬೇಕಾದ ಮಾತು. ಅದಕ್ಕೇ ಒಂದು ದಿನದ ಅಂಕಿಗೆ ಬೆಲೆ ಕಡಿಮೆ; ಅದೇ ರೋಗಿಯ ಮೊದಲಿನ ಅಂಕಿಯ ಪಕ್ಕದಲ್ಲಿಟ್ಟು, ವಾರ ತಿಂಗಳುಗಳ ಇಳಿತವನ್ನು ನೋಡಿದರೆ ಅರ್ಥ ಹುಟ್ಟುತ್ತದೆ. ರೋಗಲಕ್ಷಣಗಳಿಲ್ಲದವರಲ್ಲಿ ಸೋರುವ ಮೈಟ್ರಲ್ ಕವಾಟಕ್ಕೆ ಯಾವಾಗ ಕೈಹಾಕಬೇಕು ಎಂಬಲ್ಲಿ ಇಂದಿಗೂ ಮುಂದಿರುವುದು ಎಕೋದ ಗಡಿಗಳೇ: ಹೃತ್ಕುಕ್ಷಿ ತಳ್ಳುವ ಪಾಲಿಗೆ ಶೇ. 60, ಸಂಕುಚಿಸಿದಾಗಿನ ಅದರ ಅಗಲಕ್ಕೆ 40 ಮಿ.ಮೀ. ರಕ್ತದ ಅಂಕಿ ಇನ್ನೂ ಪಕ್ಕದ ಸಾಕ್ಷಿ.