ಬಿಳಿಯರ ಸವಲತ್ತು

ಬಿಳಿಯರ ಸವಲತ್ತು ಎಂಬುದು ವರ್ಣಭೇದವಿರುವ ಸಮಾಜದಲ್ಲಿ ಬಿಳಿಯರಿಗೆ ಮೈಬಣ್ಣದ ಕಾರಣದಿಂದಲೇ, ಕೇಳದೆಯೇ ಒದಗುವ ಅನುಕೂಲಗಳನ್ನು ಸೂಚಿಸುವ ಪರಿಕಲ್ಪನೆ. ಕಡಿಮೆ ಕೂಲಿ ಪಡೆಯುವ ಬಿಳಿ ಕಾರ್ಮಿಕರಿಗೂ ಸಾರ್ವಜನಿಕ ಮರ್ಯಾದೆಯೆಂಬ ಮಾನಸಿಕ ವೇತನ ದೊರೆಯುತ್ತಿತ್ತೆಂದು ಡಬ್ಲ್ಯು. ಇ. ಬಿ. ಡು ಬೋಯ್ಸ್ 1935ರಲ್ಲೇ ಬರೆದಿದ್ದರು. ಬಿಳಿಯರು ಯಾರೆಂಬುದನ್ನು ಕಾನೂನೂ ನಿರ್ಧರಿಸುತ್ತಿತ್ತು: ಪಂಜಾಬಿನ ಭಗತ್ ಸಿಂಗ್ ಥಿಂಡ್ ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1923ರಲ್ಲಿ ತೀರ್ಪಿತ್ತಿತು.

ಈ ಪದವನ್ನು ಜನಪ್ರಿಯಗೊಳಿಸಿದವರು ವೆಲ್ಲೆಸ್ಲಿ ಕಾಲೇಜಿನ ಪೆಗ್ಗಿ ಮ್ಯಾಕಿಂಟಾಷ್. ಸ್ತ್ರೀಯರಿಗೆ ಅನ್ಯಾಯವಾಗಿದೆಯೆಂದು ಒಪ್ಪುವ ಪುರುಷರೂ ಅದರಿಂದ ತಮಗೆ ಲಾಭವಾಗಿದೆಯೆಂದು ಒಪ್ಪದಿರುವುದನ್ನು ಅವರು ಗಮನಿಸಿದರು. ವರ್ಣದ ವಿಷಯದಲ್ಲಿ ತಮ್ಮ ಧೋರಣೆಯೂ ಅದೇ ಎಂಬುದು ಆಗ ಹೊಳೆಯಿತು. 1988ರ ಪ್ರಬಂಧದಲ್ಲಿ ತಮ್ಮ ದಿನನಿತ್ಯದ ಬದುಕಿನಿಂದ ಇಂತಹ 46 ಅನುಕೂಲಗಳನ್ನು ಪಟ್ಟಿಮಾಡಿದರು. ಅಂಗಡಿಯಲ್ಲಿ ಯಾರೂ ಅನುಮಾನದಿಂದ ಹಿಂಬಾಲಿಸುವುದಿಲ್ಲ. 'ಚರ್ಮದ ಬಣ್ಣ'ದ ಬ್ಯಾಂಡೇಜ್ ತಮ್ಮ ಚರ್ಮಕ್ಕೆ ಹೊಂದುತ್ತದೆ. ಇಡೀ ಜನಾಂಗದ ಪರವಾಗಿ ಮಾತನಾಡಬೇಕೆಂದು ಯಾರೂ ಕೇಳುವುದಿಲ್ಲ. ಪಟ್ಟಿಯ ಬಲವಿರುವುದು ಇಂತಹ ಸಣ್ಣ ಸಂಗತಿಗಳಲ್ಲೇ.

ಮನೋವಿಜ್ಞಾನಿ ಜಾನೆಟ್ ಹೆಲ್ಮ್ಸ್ ಬಿಳಿಯರ ವರ್ಣಪ್ರಜ್ಞೆಯ ಬೆಳವಣಿಗೆಯನ್ನು ಆರು ಹಂತಗಳಲ್ಲಿ ವಿವರಿಸಿದ್ದಾರೆ. ಮೊದಲಿಗೆ ತನಗೂ ಒಂದು ವರ್ಣವಿದೆಯೆಂಬ ಅರಿವೇ ವ್ಯಕ್ತಿಗೆ ಇರುವುದಿಲ್ಲ. ಅರಿವು ಮೂಡಿದಾಗ ಅಪರಾಧಿ ಭಾವ ಕಾಡುತ್ತದೆ. ಅದನ್ನು ತಾಳಲಾರದೆ ಕೆಲವರು ಕಪ್ಪುವರ್ಣೀಯರನ್ನೇ ದೂಷಿಸತೊಡಗುತ್ತಾರೆ.

ಈ ಪರಿಕಲ್ಪನೆ ಬಡ ಬಿಳಿಯರ ಕಷ್ಟವನ್ನು ಮರೆಮಾಚುತ್ತದೆಂಬ ಟೀಕೆಯಿದೆ. ಅವರ ಬಡತನಕ್ಕೆ ವರ್ಣದ ತೊಡಕೂ ಸೇರಿಕೊಳ್ಳುವುದಿಲ್ಲವೆಂಬುದು ಪ್ರತಿಪಾದಕರ ಉತ್ತರ.