ಮರದ ಸಾಮಾನಿನ ಬಣ್ಣ ಕೂಡಿಸಿದ ಬಗೆ

ಪೆಟ್ಟಿಗೆ, ಬೀರು, ಕುರ್ಚಿಗಳಿಗೆ ಹಚ್ಚುವ ಎಣ್ಣೆಬಣ್ಣ ಹತ್ತೊಂಬತ್ತನೆಯ ಶತಮಾನದ ನಡುಗಾಲದವರೆಗೂ ಡಬ್ಬಿಯಲ್ಲಿ ಸಿದ್ಧವಾಗಿ ಸಿಗುತ್ತಿರಲಿಲ್ಲ. ಯುರೋಪು, ಅಮೆರಿಕಗಳಲ್ಲಿ ಪೇಂಟರನೇ ಅದನ್ನು ಕೂಡಿಸಿಕೊಳ್ಳಬೇಕಿತ್ತು. ಚಪ್ಪಟೆ ಕಲ್ಲಿನ ಮೇಲೆ ಬಣ್ಣದ ಪುಡಿ ಸುರಿದು, ಅಗಸೆ ಎಣ್ಣೆ ಹನಿಸಿ, ಕೈಗುಂಡಿನಿಂದ ನುಣ್ಣಗೆ ಅರೆಯುವುದು ಮೊದಲ ಹಂತ. ಹಚ್ಚುವ ಹೊತ್ತಿಗೆ ಇನ್ನಷ್ಟು ಎಣ್ಣೆಯನ್ನೂ ಟರ್ಪೆಂಟೈನನ್ನೂ ಸೇರಿಸಿ ತೆಳುಮಾಡುತ್ತಿದ್ದರು. ಅರೆಯುವ ಬೇಸರದ ಕೆಲಸ ಸಾಮಾನ್ಯವಾಗಿ ಕಸುಬು ಕಲಿಯಲು ಬಂದ ಹುಡುಗರ ಪಾಲಿಗೆ ಬರುತ್ತಿತ್ತು.

ಇದರಲ್ಲಿ ಕಣ್ಣಿನ ಅಂದಾಜಿನಷ್ಟೇ ಎಣ್ಣೆಯ ಲೆಕ್ಕವೂ ಮುಖ್ಯ. ಅಗಸೆ ಎಣ್ಣೆ ಆವಿಯಾಗಿ ಒಣಗುವುದಿಲ್ಲ; ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿ ಪೊರೆಯಾಗುತ್ತದೆ. ಒಂದೊಂದು ಪುಡಿ ಕುಡಿಯುವ ಎಣ್ಣೆಯೂ ಒಣಗುವ ವೇಗವೂ ಬೇರೆ ಬೇರೆ. ಅಂಬರ್ ಎಂಬ ಕಂದು ಮಣ್ಣಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಒಣಗುತ್ತದೆ. ದೀಪದ ಮಸಿ ಎಣ್ಣೆಯನ್ನು ಬಹಳ ಕುಡಿದು ದಿನಗಟ್ಟಲೆ ಅಂಟಂಟಾಗಿ ಉಳಿಯುತ್ತದೆ. ಬೂದುಬಣ್ಣ ಬೇಕೆಂದು ಮನಬಂದಂತೆ ಮಸಿ ಸುರಿದವನ ಕುರ್ಚಿಯಲ್ಲಿ ಯಾರೂ ಬೇಗ ಕೂರುವಂತಿರಲಿಲ್ಲ.

ತಿಳಿಬಣ್ಣಗಳ ಬುಡದಲ್ಲೆಲ್ಲ ಇದ್ದದ್ದು ಸಫೇದು, ಅಂದರೆ ಸೀಸದ ಬಿಳಿ. ಡಚ್ ಪದ್ಧತಿಯಲ್ಲಿ ಮಣ್ಣಿನ ಕುಡಿಕೆಯ ತಳಕ್ಕೆ ವಿನಿಗರ್ ಹಾಕಿ, ಅದರ ಮೇಲೆ ಸೀಸದ ಸುರುಳಿ ಇಟ್ಟು, ಅಂಥ ಕುಡಿಕೆಗಳನ್ನು ಸಾಲುಸಾಲಾಗಿ ಕುದುರೆ ಲದ್ದಿಯಲ್ಲಿ ಹೂಳುತ್ತಿದ್ದರು. ಲದ್ದಿ ಕೊಳೆಯುವಾಗ ಹುಟ್ಟುವ ಕಾವು, ಇಂಗಾಲದ ಡೈಆಕ್ಸೈಡ್ ಮತ್ತು ವಿನಿಗರಿನ ಆವಿ ಸೇರಿ ಕೆಲವು ತಿಂಗಳಲ್ಲಿ ಸೀಸದ ಮೈಮೇಲೆ ಬಿಳಿ ಹಕ್ಕಳೆ ಕಟ್ಟುತ್ತಿತ್ತು. ಅದನ್ನು ಕೆರೆದು, ತೊಳೆದು, ಅರೆದರೆ ಸಫೇದು ಸಿದ್ಧ. ಅದಕ್ಕೆ ಎಣ್ಣೆ ಕಡಿಮೆ ಸಾಕು, ಬೇಗ ಒಣಗುತ್ತದೆ, ಮರವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಪೇಂಟರುಗಳನ್ನು ಕಾಡುತ್ತಿದ್ದ ಹೊಟ್ಟೆನುಲಿತಕ್ಕೂ ಮಣಿಕಟ್ಟು ಜೋಲುವುದಕ್ಕೂ ಇದರ ವಿಷವೇ ಕಾರಣ ಎಂಬುದು ಗೊತ್ತಿದ್ದೂ ಬಳಕೆ ನಿಲ್ಲಲಿಲ್ಲ. ಬದಲಿಗೆ ಬಂದ ಸತುವಿನ ಬಿಳಿ ಅಷ್ಟು ಅಪಾಯದ್ದಲ್ಲ. ಆದರೆ ಅದರ ಪೊರೆ ಬಿರುಸು, ಬೇಗ ಬಿರುಕು ಬಿಡುತ್ತದೆ.

ಸಾಧಾರಣ ಮನೆಗಳ ಸಾಮಾನಿಗೆ ಕೆಮ್ಮಣ್ಣು, ಹಳದಿ ಮಣ್ಣು, ಮಸಿಗಳೇ ಬಂಡವಾಳ. ಹದಿನೆಂಟನೆಯ ಶತಮಾನದ ಮೊದಲ ದಶಕದಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಪ್ರಷ್ಯನ್ ನೀಲಿ ಈ ಲೆಕ್ಕವನ್ನೇ ಬದಲಿಸಿತು. ಅದುವರೆಗೆ ಒಳ್ಳೆಯ ನೀಲಿಗೆ ದುಬಾರಿ ಲಾಜವರ್ದ ಕಲ್ಲನ್ನು ಅರೆಯಬೇಕಿತ್ತು. 1797ರಲ್ಲಿ ಫ್ರಾನ್ಸಿನ ವೋಕ್ಲಾನ್ ಕ್ರೋಮಿಯಂ ಕಂಡುಹಿಡಿದ ಮೇಲೆ ಕ್ರೋಮ್ ಹಳದಿಯೂ ಬಂತು. ಎರಡನ್ನೂ ಬೆರೆಸಿದರೆ ಕಣ್ಣು ಕುಕ್ಕುವ ಹಸಿರು. ಪ್ರಷ್ಯನ್ ನೀಲಿಯ ಶಕ್ತಿ ಎಷ್ಟೆಂದರೆ ಚಿಟಿಕೆ ಹೆಚ್ಚಾದರೂ ಇಡೀ ಪಾತ್ರೆ ಕೆಡುತ್ತದೆ. ಹಸಿರಿನ ಕಾವನ್ನು ತಗ್ಗಿಸಲು ಬಲ್ಲವರು ಕಪ್ಪಿನ ಬದಲು ತುಸು ಕೆಮ್ಮಣ್ಣು ಹಾಕುತ್ತಿದ್ದರು. ಕೆಂಪು ಹಸಿರಿನ ಎದುರುಬಣ್ಣವಾದ್ದರಿಂದ ಬಣ್ಣ ಕೊಳಕಾಗದೆ ಮಂದವಾಗುತ್ತದೆ.

ಎದುರುಬಣ್ಣಗಳ ವಿಷಯವನ್ನು ಶಾಸ್ತ್ರಕ್ಕೆ ತಂದವನು ಫ್ರೆಂಚ್ ರಸಾಯನಶಾಸ್ತ್ರಜ್ಞ ಶೆವ್ರಲ್. ಗೋಬ್ಲಾನ್ ಜಮಖಾನೆ ಕಾರ್ಖಾನೆಯಲ್ಲಿ ಕಪ್ಪು ನೂಲು ಪೇಲವವಾಗಿ ಕಾಣುತ್ತದೆಂಬ ದೂರು ಬಂದಾಗ, ತಪ್ಪು ನೂಲಿನದಲ್ಲ, ಪಕ್ಕದ ಬಣ್ಣದ್ದು ಎಂದು ಅವನು ತೋರಿಸಿದ. ಅವನ ಪುಸ್ತಕ ಬಂದದ್ದು 1839ರಲ್ಲಿ. ಅಂಗಡಿಯಲ್ಲಿ ಹಿಡಿಸಿದ ಬಣ್ಣ ಮನೆಯ ಗೋಡೆಯೆದುರು ಬೇರೆಯಾಗಿ ಕಾಣುವುದಕ್ಕೂ ಬಹುಮಟ್ಟಿಗೆ ಪಕ್ಕದ ಬಣ್ಣವೇ ಕಾರಣ.

1867ರಲ್ಲಿ ಅಮೆರಿಕದ ಎವರಿಲ್ ಸಿದ್ಧ ಬಣ್ಣಕ್ಕೆ ಪೇಟೆಂಟ್ ಪಡೆದ. ಹತ್ತು ವರ್ಷದ ಬಳಿಕ ಶೆರ್ವಿನ್-ವಿಲಿಯಮ್ಸ್ ಕಂಪನಿ ಮತ್ತೆ ಮುಚ್ಚಬಹುದಾದ ಡಬ್ಬಿಗೆ ಪೇಟೆಂಟ್ ಪಡೆಯಿತು. ಕಸುಬಿನವರ ಗುಟ್ಟಾಗಿದ್ದ ಕೆಲಸ ಮನೆಯವರ ಕೈಗೂ ಬಂತು.

ಇತ್ತ ಕರ್ನಾಟಕದಲ್ಲಿ ಎಣ್ಣೆಯ ಜಾಗದಲ್ಲಿ ಅರಗಿನ ದಾರಿಯೂ ಇತ್ತು. ಚನ್ನಪಟ್ಟಣದಲ್ಲಿ ಅರಗನ್ನು ಕೆಂಡದ ಮೇಲೆ ಮೆತ್ತಗೆ ಮಾಡಿ, ಬಣ್ಣದ ಪುಡಿ ಹಾಕಿ, ಎಳೆದು ನಾದಿ ಕಡ್ಡಿ ಮಾಡುತ್ತಾರೆ. ಅರಿಸಿನದ ಹಳದಿ, ನೀಲಿಗಿಡದ ನೀಲಿ, ಎರಡೂ ಕೂಡಿದ ಹಸಿರು ಹೀಗೆ ನಾದುವಾಗಲೇ ತೀರ್ಮಾನವಾಗುತ್ತವೆ. ಚರಕಿಯಲ್ಲಿ ತಿರುಗುವ ಮರಕ್ಕೆ ಕಡ್ಡಿ ಒತ್ತಿದರೆ ಉಜ್ಜುವ ಬಿಸಿಗೇ ಅರಗು ಕರಗಿ ಹರಡುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಶುರುವಾದ ಬಣ್ಣದ ಕಾರ್ಖಾನೆಯ ಹೆಸರಿನಲ್ಲೂ ಅರಗು ಇತ್ತು: ಮೈಸೂರು ಲ್ಯಾಕ್ ಆ್ಯಂಡ್ ಪೇಂಟ್ ವರ್ಕ್ಸ್. ಚುನಾವಣೆಯ ಅಳಿಸಲಾಗದ ಶಾಯಿಯಿಂದ ಅದು ಮುಂದೆ ದೇಶಕ್ಕೆಲ್ಲ ಪರಿಚಯವಾಯಿತು.

ಇಪ್ಪತ್ತನೆಯ ಶತಮಾನದಲ್ಲಿ ಟೈಟಾನಿಯಂ ಡೈಆಕ್ಸೈಡ್ ಬಂದು ಸಫೇದಿನ ಆಳ್ವಿಕೆ ಮುಗಿಯಿತು. ಭಾರತದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಬಂದದ್ದು 2016ರಲ್ಲಿ. ಹಳೆಯ ಬೀರುವಿನ ಬಣ್ಣವನ್ನು ಒಣದಾಗಿ ಉಜ್ಜಿ ದೂಳೆಬ್ಬಿಸುವುದು ಇಂದಿಗೂ ಅಪಾಯ.

ಈಗ ಅಂಗಡಿಯ ಯಂತ್ರ ಬಿಳಿ ಮೂಲಬಣ್ಣಕ್ಕೆ ಲೆಕ್ಕದಂತೆ ಬೇರೆ ಬಣ್ಣ ಹನಿಸುತ್ತದೆ. 1931ರಲ್ಲಿ ಕುಬೆಲ್ಕಾ ಮತ್ತು ಮುಂಕ್ ಬರೆದ ಸಮೀಕರಣಗಳು, ಬಣ್ಣದ ಪದರ ಬೆಳಕನ್ನು ಎಷ್ಟು ಹೀರುತ್ತದೆ, ಎಷ್ಟು ಚದುರಿಸುತ್ತದೆ ಎಂದು ಹೇಳಿ, ಆ ಲೆಕ್ಕಕ್ಕೆ ದಾರಿ ಮಾಡಿದವು. ಹಳೆಯ ಸಾಮಾನಿಗೆ ಹೊಂದಿಸುವಾಗ ಮಾತ್ರ ಪೇಂಟರ್ ಇನ್ನೂ ಸ್ಟೇನರ್ ಎಂಬ ಗಾಢ ಬೆರಕೆಬಣ್ಣದ ಹನಿಗಳನ್ನೇ ನಂಬುತ್ತಾನೆ. ಒಂದು ಹನಿ ಹಾಕಿ, ಕಲಸಿ, ತುಂಡು ಹಲಗೆಗೆ ಹಚ್ಚಿ, ಒಣಗಿದ ಮೇಲೆ ಹಗಲು ಬೆಳಕಿನಲ್ಲೂ ದೀಪದ ಕೆಳಗೂ ಹಿಡಿದು ನೋಡುತ್ತಾನೆ. ಒಂದು ಬೆಳಕಿನಲ್ಲಿ ಕೂಡಿದ ಬಣ್ಣ ಇನ್ನೊಂದರಲ್ಲಿ ಬೇರೆಯಾಗಬಹುದು. ಬಿಳಿ ಎನಾಮಲ್ ಕತ್ತಲಲ್ಲಿ ಹಳದಿಗಟ್ಟುವುದರಿಂದ, ಮಾದರಿಯನ್ನು ಡ್ರಾಯರಿನ ಒಳಗಿನಿಂದ ತೆಗೆದರೆ ಬೀರುವಿನ ಮುಂಭಾಗಕ್ಕೆ ಅದು ಹೊಂದುವುದಿಲ್ಲ.