ಭಾವನಗರದ ಶಿಶುಮಂದಿರವೂ ಕೋಸಬಾಡದ ಅಂಗಳವೂ

ಪಂಚತಂತ್ರದ ಪೀಠಿಕೆಯನ್ನು ಅರಿಯದವರು ನಮ್ಮ ವಾಚಕರಲ್ಲಿ ವಿರಳ. ಅಮರಶಕ್ತಿಯೆಂಬ ಅರಸನು ವಿದ್ಯೆ ಹತ್ತದ ತನ್ನ ಮೂವರು ಕುಮಾರರನ್ನು ವಿಷ್ಣುಶರ್ಮನೆಂಬ ವೃದ್ಧವಿಪ್ರನಿಗೆ ಒಪ್ಪಿಸಿದನು. ಆತನು ಆರು ತಿಂಗಳ ಅವಧಿಯನ್ನು ಬೇಡಿ, ಸಿಂಹ ನರಿ ಕಾಗೆ ಗೂಬೆಗಳ ಕಥೆಗಳಿಂದಲೇ ಅವರನ್ನು ನೀತಿನಿಪುಣರನ್ನಾಗಿ ಮಾಡಿದನು. ಹನ್ನೊಂದನೆಯ ಶತಮಾನದಲ್ಲಿ ನಮ್ಮ ದುರ್ಗಸಿಂಹನು, ವಸುಭಾಗಭಟ್ಟನ ಪಾಠವನ್ನನುಸರಿಸಿ, ಈ ಕಥೆಗಳನ್ನು ಕನ್ನಡಕ್ಕೆ ತಂದನು. ಆದುದರಿಂದ ಕಥೆಯ ಮೂಲಕ ಬೋಧಿಸಬಹುದೆಂಬುದು ನಮ್ಮವರಿಗೆ ಹೊಸ ಮಾತಲ್ಲ. ಆದರೆ ಆ ಕಥೆಗಳನ್ನು ಕೇಳಲು ಕುಳಿತವರು ಯಾರು? ಅರಸುಮಕ್ಕಳು. ಅದೇ ಊರಿನ ದನಗಾಹಿಯ ಮಗನಿಗೆ ಪಶುಪಕ್ಷಿಗಳ ವಿಚಾರವು ರಾಜಕುಮಾರರಿಗಿಂತ ಚೆನ್ನಾಗಿ ತಿಳಿದಿದ್ದಿರಬೇಕು. ಅವನನ್ನು ವಿಷ್ಣುಶರ್ಮನ ಮುಂದೆ ಕರೆತಂದು ಕೂರಿಸಿದವರಿಲ್ಲ. ಪಾಠಶಾಲೆಯಲ್ಲಿ ಆ ಪೀಠಿಕೆಯನ್ನು ಓದುವಾಗ ಈ ಸಂಶಯವು ನನಗೂ ಹುಟ್ಟಲಿಲ್ಲ. ಅದು ಹುಟ್ಟಿದುದು ಬಹಳ ತಡವಾಗಿ, ಗುಜರಾತದ ಗಿಜುಭಾಯಿಯವರ ಮತ್ತು ಮಹಾರಾಷ್ಟ್ರದ ತಾರಾಬಾಯಿಯವರ ಚರಿತ್ರೆಯನ್ನು ಓದಿದ ಮೇಲೆ.

ಗಿಜುಭಾಯಿ ಬಧೇಕಾ ಅವರು ೧೮೮೫ರಲ್ಲಿ ಕಾಠೇವಾಡ ಪ್ರಾಂತದಲ್ಲಿ ಜನಿಸಿದರು. ಜೀವನೋಪಾಯಕ್ಕಾಗಿ ಪೂರ್ವ ಆಫ್ರಿಕಕ್ಕೆ ಹೋಗಿಬಂದು, ಮುಂಬಯಿಯಲ್ಲಿ ಕಾನೂನು ಓದಿ, ವಢವಾಣದಲ್ಲಿ ವಕೀಲಿಯನ್ನು ಹಿಡಿದರು. ೧೯೧೩ರಲ್ಲಿ ಅವರಿಗೆ ಪುತ್ರೋತ್ಸವವಾಯಿತು. ಈ ಮಗುವನ್ನು ಎಂತಹ ಶಾಲೆಗೆ ಕಳುಹಿಸುವುದೆಂಬ ಚಿಂತೆಯು ವಕೀಲರನ್ನು ಉಪಾಧ್ಯಾಯರನ್ನಾಗಿ ಮಾಡಿತು. ಇಟಲಿಯ ಮಾಂಟೆಸ್ಸೊರಿ ವಿದುಷಿಯ ಗ್ರಂಥಗಳು ಅವರ ಕೈಗೆ ಬಂದವು. ೧೯೧೬ರಲ್ಲಿ ಅವರು ಭಾವನಗರದ ದಕ್ಷಿಣಾಮೂರ್ತಿ ವಿದ್ಯಾರ್ಥಿಭವನವನ್ನು ಸೇರಿದರು. ನಾನಾಭಾಯಿ ಭಟ್ಟರು ನಡೆಸುತ್ತಿದ್ದ ಆ ಸಂಸ್ಥೆಯಲ್ಲಿ ೧೯೨೦ರಲ್ಲಿ ಎಳೆಯ ಮಕ್ಕಳಿಗಾಗಿ ಬಾಲಮಂದಿರವನ್ನು ತೆರೆದರು. ಬೆತ್ತವಿಲ್ಲ, ಪರೀಕ್ಷೆಯಿಲ್ಲ, ಹಾಡು, ಚಿತ್ರ, ಕೈಗೆಲಸ, ನಾಟಕ, ಕಥೆ ಇವೇ ಅಲ್ಲಿಯ ಪಾಠಗಳು. ಜನರು ಅವರನ್ನು ‘ಮೂಛಾಳಿ ಮಾ’, ಎಂದರೆ ಮೀಸೆಯುಳ್ಳ ತಾಯಿ, ಎಂದು ಕರೆದರು. ಬಿರುದಾವಳಿಗಳಲ್ಲಿ ಇದಕ್ಕಿಂತ ಸೊಗಸಾದುದನ್ನು ನಾನು ಕಂಡಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮಾಂಟೆಸ್ಸೊರಿಯವರಿಗೆ ಎಳೆಯ ಮಕ್ಕಳ ವಿಷಯದಲ್ಲಿ ಅದ್ಭುತಕಥೆಗಳು ಸಮ್ಮತವಾಗಿರಲಿಲ್ಲ. ಮಗುವು ಮೊದಲು ನಿಜವಾದ ಲೋಕವನ್ನು ಕೈಯಿಂದ ಮುಟ್ಟಿ ತಿಳಿಯಬೇಕೆಂಬುದು ಅವರ ಮತ. ಗಿಜುಭಾಯಿಯವರು ಶಿಷ್ಯಭಾವದಿಂದ ಅವರ ಪದ್ಧತಿಯನ್ನು ಸ್ವೀಕರಿಸಿದರೂ ಈ ಒಂದು ವಿಷಯದಲ್ಲಿ ತಲೆಬಾಗಲಿಲ್ಲ. ಅಜ್ಜಿಯರ ಬಾಯಲ್ಲಿದ್ದ ಕಥೆಗಳನ್ನು ಸಂಗ್ರಹಿಸಿದರು, ತಾವೇ ಬರೆದರು. ೧೯೨೫ರಲ್ಲಿ ‘ವಾರ್ತಾನುಂ ಶಾಸ್ತ್ರ’ ಎಂಬ ಹೆಸರಿನಿಂದ ಕಥೆ ಹೇಳುವ ಕಲೆಗೆ ಒಂದು ಶಾಸ್ತ್ರಗ್ರಂಥವನ್ನೇ ರಚಿಸಿದರು. ಗುರುವನ್ನು ಗೌರವಿಸುತ್ತ ಗುರುವಿನ ಮತವನ್ನು ತಿದ್ದಿಕೊಳ್ಳುವುದು ನಮ್ಮ ಶಾಸ್ತ್ರಕಾರರಿಗೆ ಪರಿಚಿತವಾದ ಮಾರ್ಗವೇ ಆಗಿದೆ.

ಅವರ ‘ದಿವಾಸ್ವಪ್ನ’ವನ್ನು ಓದಿದವರಿಗೆ ಅದರ ಆರಂಭವು ಮರೆಯಲಾರದು. ಹೊಸ ಉಪಾಧ್ಯಾಯನೊಬ್ಬನು ನಾಲ್ಕನೆಯ ತರಗತಿಯನ್ನು ಒಂದು ವರ್ಷದ ಪ್ರಯೋಗಕ್ಕಾಗಿ ಕೇಳಿ ಪಡೆಯುತ್ತಾನೆ. ಮೊದಲ ದಿನ ಮಕ್ಕಳಿಂದ ಮೌನದ ಆಟವನ್ನು ಆಡಿಸಹೋಗಿ ಪರಿಹಾಸ್ಯಕ್ಕೆ ಗುರಿಯಾಗುತ್ತಾನೆ. ದಕ್ಷಿಣಾಮೂರ್ತಿಯ ಹೆಸರಿನ ಸಂಸ್ಥೆಯವರು ಬರೆದ ಪುಸ್ತಕದಲ್ಲಿಯೇ ಮೌನವ್ಯಾಖ್ಯಾನವು ಸೋತುಹೋದುದನ್ನು ಕಂಡು ನನಗೆ ನಗು ಬಂದಿತು. ಮರುದಿನ ಆತನು ಕಥೆಯನ್ನು ಆರಂಭಿಸುತ್ತಾನೆ. ಗದ್ದಲವು ತಾನಾಗಿಯೇ ಅಡಗುತ್ತದೆ. ಕಥೆಯಿಂದ ಮಕ್ಕಳು ಪುಸ್ತಕಕ್ಕೆ, ಪುಸ್ತಕದಿಂದ ತರಗತಿಯ ಸಣ್ಣದೊಂದು ಗ್ರಂಥಭಂಡಾರಕ್ಕೆ ಬರುತ್ತಾರೆ. ಕಥೆಯು ಕಲ್ಪಿತವಾದರೂ ಅದರ ಹಿಂದಿದ್ದ ಅನುಭವವು ಕಲ್ಪಿತವಲ್ಲ.

ಈ ಪುಟಗಳನ್ನು ಓದುವಾಗ ನನ್ನ ಒಂದು ಅಪರಾಧವು ನೆನಪಿಗೆ ಬಂದಿತು. ಅಮರಕೋಶವನ್ನು ಬೆತ್ತದ ಭಯದಿಂದ ಕಂಠಪಾಠ ಮಾಡಿದವನು ನಾನು. ಬೆತ್ತವೇ ವಿದ್ಯೆಯ ಬೀಗದ ಕೈಯೆಂದು ನಂಬಿ ಉಪಾಧ್ಯಾಯನಾದೆನು. ಮೊದಲ ವರ್ಷಗಳಲ್ಲಿ ಕುರಿಕಾಯುವವರ ಮನೆಯ ಹುಡುಗನೊಬ್ಬನು ನನ್ನ ತರಗತಿಯಲ್ಲಿದ್ದನು. ಒಂದು ದಿನ ಮಗ್ಗಿಯನ್ನು ಒಪ್ಪಿಸಲಾರದೆ, ಹಿಂದಿನ ರಾತ್ರಿ ತಮ್ಮ ಹಟ್ಟಿಗೆ ತೋಳ ಬಂದ ಕಥೆಯನ್ನು ಹೇಳತೊಡಗಿದನು. ಇಡೀ ತರಗತಿಯು ಕಿವಿಗೊಟ್ಟಿತ್ತು. ನಾನು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆನು. ಮುಂದಿನ ವಾರದಿಂದ ಅವನು ಶಾಲೆಗೆ ಬರಲಿಲ್ಲ. ಮನೆಗೆ ಹೋಗಿ ವಿಚಾರಿಸಬೇಕೆಂದು ನನಗೆ ತೋರಲೂ ಇಲ್ಲ.

ಬಾರದ ಮಗುವಿನ ಮನೆಗೆ ಹೋಗುವ ಈ ಕೆಲಸವನ್ನೇ ಜೀವನಧರ್ಮವಾಗಿ ಮಾಡಿಕೊಂಡವರು ತಾರಾಬಾಯಿ ಮೋಡಕರು. ೧೮೯೨ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಇವರು ಪದವೀಧರೆಯಾಗಿ, ರಾಜಕೋಟೆಯ ಮಹಿಳಾ ಅಧ್ಯಾಪನ ವಿದ್ಯಾಲಯದ ಪ್ರಾಂಶುಪಾಲೆಯಾಗಿದ್ದು, ೧೯೨೩ರಲ್ಲಿ ಭಾವನಗರಕ್ಕೆ ಬಂದು ಸುಮಾರು ಒಂಬತ್ತು ವರ್ಷ ಗಿಜುಭಾಯಿಯವರೊಡನೆ ದುಡಿದರು. ಇಬ್ಬರೂ ಸೇರಿ ೧೯೨೬ರಲ್ಲಿ ನೂತನ ಬಾಲಶಿಕ್ಷಣ ಸಂಘವನ್ನು ಕಟ್ಟಿದರು. ೧೯೩೯ರ ಜೂನಿನಲ್ಲಿ ಗಿಜುಭಾಯಿಯವರು ಕಾಲವಾದರು; ಮಾಂಟೆಸ್ಸೊರಿಯವರು ಅಡ್ಯಾರಿಗೆ ಬಂದುದು ಅದೇ ವರ್ಷದ ನವೆಂಬರಿನಲ್ಲಿ.

ಮಾಂಟೆಸ್ಸೊರಿ ಪದ್ಧತಿಗೆ ಬೇಕಾದ ಉಪಕರಣಗಳು ಬೆಲೆಯುಳ್ಳವು. ಅವುಗಳನ್ನು ಕೊಳ್ಳಬಲ್ಲವು ಪಟ್ಟಣದ ಶಾಲೆಗಳು. ಹೀಗಿರಲು ಹೊಲಗೆಲಸದವರ ಮಕ್ಕಳ ಗತಿಯೇನು? ಈ ಪ್ರಶ್ನೆಯನ್ನು ಹೊತ್ತು ತಾರಾಬಾಯಿಯವರು ೧೯೪೫ರಲ್ಲಿ ಮುಂಬಯಿಗೆ ಉತ್ತರದಲ್ಲಿ, ಅಂದಿನ ಠಾಣಾ ಜಿಲ್ಲೆಯ ಕಡಲತೀರದಲ್ಲಿರುವ ಬೋರ್ಡಿ ಗ್ರಾಮಕ್ಕೆ ಹೋಗಿ ಗ್ರಾಮ ಬಾಲಶಿಕ್ಷಣ ಕೇಂದ್ರವನ್ನು ಸ್ಥಾಪಿಸಿದರು. ಜೊತೆಗೆ ಬಂದವರು ಅನುತಾಯಿ ವಾಘರು. ಹದಿಮೂರರ ಪ್ರಾಯದಲ್ಲಿ ಮದುವೆಯಾಗಿ ಕೆಲವೇ ತಿಂಗಳಲ್ಲಿ ವಿಧವೆಯಾದ ಹೆಣ್ಣುಮಗಳು ಓದಿ ಉಪಾಧ್ಯಾಯಿನಿಯಾಗಿ, ಮೂವತ್ತೈದನೆಯ ವಯಸ್ಸಿನಲ್ಲಿ ಪಟ್ಟಣವನ್ನು ಬಿಟ್ಟು ಅಲ್ಲಿಗೆ ಹೋದರು.

ಶಾಲೆ ತೆರೆದರೆ ಮಕ್ಕಳು ಬರುವರೆಂದು ಭಾವಿಸಿದ್ದರೆ ಅದು ಹುಸಿಯಾಯಿತು. ಅಸ್ಪೃಶ್ಯರೆನಿಸಿಕೊಂಡಿದ್ದವರ ಕೇರಿಯ ಮಕ್ಕಳು ಬರಲೇ ಇಲ್ಲ. ತಾಯಿತಂದೆಗಳು ಬೆಳಗಾದರೆ ಕೂಲಿಗೆ ಹೋಗುವರು. ಮಗುವನ್ನು ಮೀಯಿಸಿ, ತಲೆಬಾಚಿ, ಕೈಹಿಡಿದು ಕರೆತರುವವರು ಯಾರು? ಆಗ ಅವರು ಕಂಡುಕೊಂಡ ಉಪಾಯವು ಅತಿ ಸರಳವಾದುದು: ಮಗುವು ಶಾಲೆಗೆ ಬಾರದಿದ್ದರೆ ಶಾಲೆಯೇ ಮಗುವಿನ ಮನೆಯ ಅಂಗಳಕ್ಕೆ ಹೋಗಬೇಕು. ಕೇರಿಯ ನಡುವೆ ಒಂದು ಅಂಗಳವನ್ನು ಗುಡಿಸಿ, ಮಕ್ಕಳ ಮೈತೊಳೆದು, ಅಲ್ಲಿಯೇ ಹಾಡು ಕಥೆಗಳನ್ನು ಆರಂಭಿಸಿದರು. ಬೆಲೆಯುಳ್ಳ ಉಪಕರಣಗಳ ಸ್ಥಾನದಲ್ಲಿ ಕಪ್ಪೆಚಿಪ್ಪು, ಬೀಜ, ಬೆಣಚುಕಲ್ಲು, ಎಲೆಗಳು ಬಂದವು. ಇದಕ್ಕೆ ‘ಅಂಗಣವಾಡಿ’ ಎಂದು ಹೆಸರಾಯಿತು. ಸಂಸ್ಕೃತದ ಅಂಗಣವೇ ನಮ್ಮ ಅಂಗಳ. ಈಗ ನಮ್ಮ ಪ್ರತಿಯೊಂದು ಹಳ್ಳಿಯಲ್ಲಿಯೂ ಬಾಯಿಗೆ ಬರುವ ಅಂಗನವಾಡಿಯೆಂಬ ಶಬ್ದದ ಮೂಲವು ಇದು.

೧೯೫೭ರಲ್ಲಿ ಕಾರ್ಯಕ್ಷೇತ್ರವು ಸಮೀಪದ ಕೋಸಬಾಡದ ಗುಡ್ಡಕ್ಕೆ ಸಾಗಿತು. ಅಲ್ಲಿ ವಾಸವಾಗಿದ್ದವರು ವಾರ್ಲಿ ಆದಿವಾಸಿಗಳು. ಅವರ ಮಕ್ಕಳಿಗೆ ಹಗಲೆಲ್ಲ ದನ ಮೇಯಿಸುವ ಕೆಲಸ. ದನವನ್ನು ಬಿಟ್ಟು ಬನ್ನಿರೆಂದು ಅವರಿಗೆ ಹೇಳಲಿಲ್ಲ; ಹುಲ್ಲುಗಾವಲಿನಲ್ಲಿಯೇ ‘ಕುರಣಶಾಲೆ’ಯನ್ನು ನಡೆಸಿದರು. ಹೆಣ್ಣುಮಕ್ಕಳಿಗೆ ಇನ್ನೊಂದು ತೊಡಕು: ಕಂಕುಳಲ್ಲಿ ತಮ್ಮನೋ ತಂಗಿಯೋ ಇರುವಾಗ ಹಲಗೆ ಹಿಡಿಯುವುದೆಂತು? ಅದಕ್ಕಾಗಿ ಹಸುಗೂಸುಗಳ ತೊಟ್ಟಿಲಮನೆ, ಬಾಲವಾಡಿ, ಪ್ರಾಥಮಿಕ ಶಾಲೆ ಈ ಮೂರನ್ನೂ ಒಂದೇ ಆವರಣದಲ್ಲಿ ಸೇರಿಸಿ ‘ವಿಕಾಸವಾಡಿ’ ಎಂದು ಕರೆದರು. ಅಕ್ಕನು ಓದುವಳು, ತಂಗಿಯು ಪಕ್ಕದಲ್ಲಿಯೇ ಮಲಗುವಳು. ಸಮಾನತೆಯನ್ನು ಕುರಿತು ಅನೇಕ ಭಾಷಣಗಳನ್ನು ಕೇಳಿದ್ದೇನೆ. ಈ ತೊಟ್ಟಿಲಿನಷ್ಟು ಸ್ಪಷ್ಟವಾಗಿ ಅವಾವುವೂ ನನಗೆ ಅರ್ಥವನ್ನು ತಿಳಿಸಲಿಲ್ಲ.

೧೯೬೨ರಲ್ಲಿ ತಾರಾಬಾಯಿಯವರಿಗೆ ಪದ್ಮಭೂಷಣವು ಸಂದಿತು. ೧೯೭೩ರಲ್ಲಿ ಅವರು ತೀರಿಕೊಂಡರು. ಎರಡು ವರ್ಷಗಳ ತರುವಾಯ, ೧೯೭೫ರ ಅಕ್ಟೋಬರ್ ೨ರಂದು, ಭಾರತ ಸರ್ಕಾರವು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ ೩೩ ಕಡೆಗಳಲ್ಲಿ ಆರಂಭಿಸಿತು. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಅನ್ನ, ಔಷಧಿ, ತೂಕದ ಲೆಕ್ಕಗಳು ಸರ್ಕಾರದ ಅಂಗನವಾಡಿಗೆ ಬಂದವು, ಅವು ಬೇಕಾದವುಗಳೇ. ಆದರೆ ಲೆಕ್ಕದ ಪುಸ್ತಕಗಳು ಬೆಳೆದಂತೆ ಕಥೆಗೆ ಉಳಿಯುವ ಹೊತ್ತು ಕಡಿಮೆಯಾಯಿತೆಂದು ನನ್ನ ಎಣಿಕೆ. ಅನುತಾಯಿಯವರು ಮಾತ್ರ ೧೯೯೨ರಲ್ಲಿ ಕಣ್ಮುಚ್ಚುವವರೆಗೂ ಕೋಸಬಾಡದ ಕಾರ್ಯವನ್ನು ಬಿಡಲಿಲ್ಲ.

ನಮ್ಮ ಬೀದಿಯ ಅಂಗನವಾಡಿಯ ಕಾರ್ಯಕರ್ತೆಯನ್ನು ಕಳೆದ ತಿಂಗಳು ಕಂಡು, ಈ ಹೆಸರು ಎಲ್ಲಿಂದ ಬಂದಿತೆಂದು ಬಲ್ಲಿರಾ ಎಂದು ಕೇಳಿದೆನು. “ಇಲ್ಲ ಮೇಷ್ಟ್ರೇ, ಯಾರೂ ಹೇಳಿಲ್ಲ” ಎಂದರು. ಬೋರ್ಡಿಯ ಅಂಗಳದ ವೃತ್ತಾಂತವನ್ನು ಹೇಳಿದೆನು. ಮಕ್ಕಳು ಅದನ್ನೂ ಕಥೆಯೆಂದೇ ತಿಳಿದು ಸುತ್ತ ಬಂದು ಕುಳಿತರು. ಮುಗಿದ ಮೇಲೆ ಆಕೆಯು ಹಾಜರಿ ಪುಸ್ತಕದ ಕೊನೆಯ ಹಾಳೆಯನ್ನು ತೆರೆದು, ಆ ಇಬ್ಬರು ತಾಯಂದಿರ ಹೆಸರುಗಳನ್ನು ಇಲ್ಲಿ ಬರೆದುಕೊಡಿರೆಂದು ಕೇಳಿದರು. ಮೂರನ್ನು ಬರೆದೆನು, ಮೀಸೆಯ ತಾಯಿಯನ್ನೂ ಸೇರಿಸಿ.